ಇಪ್ಪತ್ತಕ್ಕೆ ನಾಲ್ಕು ಕಡಿಮೆ

ನೈಜೀರಿಯಾದ ಲಾಗೋಸ್ ಮಹಾನಗರದಿಂದ ಇಬಾದಾನ್ ಮಾರ್ಗವಾಗಿ ಈಶಾನ್ಯಕ್ಕೆ ಇನ್ನೂರು ಕಿಲೋಮೀಟರಿಗೂ ತುಸು ಹೆಚ್ಚು ದೂರ ಸಾಗಿದರೆ ಇಲೆ-ಇಫೆ ಎಂಬ ಊರು ಸಿಗುತ್ತದೆ. ದಾರಿಯುದ್ದಕ್ಕೂ ಕೋಕೋ ತೋಟಗಳು, ಎಣ್ಣೆತಾಳೆ ಮರಗಳು, ಬಾಳೆ, ಮರಗೆಣಸು. ನಡುನಡುವೆ ತುಕ್ಕು ಹಿಡಿದ ತಗಡಿನ ಮಾಡುಗಳು, ಕಾಲಿಗೆ ಮೆತ್ತಿಕೊಳ್ಳುವ ಕೆಂಪು ಮಣ್ಣು. ನಮ್ಮ ಕರಾವಳಿಯನ್ನು ಕಂಡವರಿಗೆ ಈ ನೋಟ ತೀರ ಅಪರಿಚಿತವೆನಿಸದು. ಊರು ದೊಡ್ಡದೇ. ವಿಶ್ವವಿದ್ಯಾಲಯವಿದೆ, ಅರಮನೆಯಿದೆ, ವಸ್ತುಸಂಗ್ರಹಾಲಯವಿದೆ, ಸದಾ ಗಿಜಿಗುಡುವ ಮಾರುಕಟ್ಟೆಯಿದೆ. ಆದರೆ ನಾಲ್ಕು ಕೋಟಿಗೂ ಮಿಕ್ಕ ಯೊರುಬಾ ಜನರಿಗೆ ಇದು ಬರಿಯ ಊರಲ್ಲ. ಭೂಮಿಯೇ ಹುಟ್ಟಿದ ಜಾಗ.

ಕಥೆ ಹೀಗಿದೆ. ಆದಿಯಲ್ಲಿ ಎಲ್ಲೆಲ್ಲೂ ನೀರು. ಪರಮದೈವವಾದ ಒಲೊದುಮಾರೆ ಒಂದು ಸರಪಳಿಯನ್ನು ಇಳಿಬಿಟ್ಟು, ಬಸವನಹುಳುವಿನ ಚಿಪ್ಪಿನಲ್ಲಿ ಒಂದಿಷ್ಟು ಮರಳು ಮತ್ತು ಒಂದು ಕೋಳಿಯನ್ನು ಕೊಟ್ಟು ಒಬಾತಾಲಾ ಎಂಬ ದೇವತೆಯನ್ನು ಕೆಳಗೆ ಕಳಿಸಿದನಂತೆ. ಒಬಾತಾಲಾ ದಾರಿಯಲ್ಲಿ ತಾಳೆಯ ಹೆಂಡ ಕುಡಿದು ಮೈಮರೆತ. ಅವನ ಕೆಲಸವನ್ನು ಒದುದುವಾ ಮುಗಿಸಿದ. ನೀರಿನ ಮೇಲೆ ಮರಳು ಸುರಿದು ಕೋಳಿಯನ್ನು ಬಿಟ್ಟಾಗ ಅದು ಕೆದರಿ ಕೆದರಿ ಮರಳನ್ನು ಹರಡಿತು, ಹರಡಿದಷ್ಟೂ ನೆಲವಾಯಿತು. ‘ಇಫೆ’ ಎಂಬ ಹೆಸರಿಗೆ ಹರಡಿದ್ದು ಎಂಬ ಅರ್ಥವನ್ನು ಹೇಳುವುದು ಇದರಿಂದಲೇ. ಕಥೆ ಹೇಳುವವರು ಒಂದು ವಿವರವನ್ನು ಮಾತ್ರ ಮರೆಯುವುದಿಲ್ಲ: ಆ ಕೋಳಿಗೆ ಕಾಲಿಗೆ ಐದು ಬೆರಳು. ಹಿತ್ತಲಿನ ಸಾಮಾನ್ಯ ಕೋಳಿಗೆ ಇರುವುದು ನಾಲ್ಕು. ಒಂದು ಹೆಚ್ಚು.

ಈ ‘ಒಂದು ಹೆಚ್ಚು’ ಇಫೆಯಲ್ಲಿ ಎಲ್ಲಿ ಹೋದರೂ ಎದುರಾಗುತ್ತದೆ. ಊರಿನ ದೇವತೆಗಳೆಷ್ಟು ಎಂದು ಕೇಳಿದರೆ 200 ಎನ್ನುವುದಿಲ್ಲ, 201 ಎನ್ನುತ್ತಾರೆ. ಇನ್ನು ಕೆಲವರ ಲೆಕ್ಕದಲ್ಲಿ 401. ಈ ಊರಿನ ಧರ್ಮವನ್ನು ಕುರಿತು ಜೇಕಬ್ ಒಲುಪೋನಾ ಎಂಬ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರೇ ‘201 ದೇವತೆಗಳ ನಗರ’ ಎಂಬರ್ಥದ್ದು. ಯಾರೂ ಆ ದೇವತೆಗಳನ್ನು ಪಟ್ಟಿ ಮಾಡಿ 201ಕ್ಕೆ ನಿಲ್ಲಿಸಿದವರಲ್ಲ. ನಮ್ಮಲ್ಲಿ ‘ಮುಕ್ಕೋಟಿ ದೇವತೆಗಳು’ ಎಂದಾಗ ಯಾರು ತಾನೆ ಎಣಿಸಲು ಕೂರುತ್ತಾರೆ? 200 ಎಂದರೆ ಅಲ್ಲಿ ‘ತುಂಬ’ ಎಂಬ ಅರ್ಥ, ತುಂಬಿದ ರಾಶಿ. ಅದರ ಮೇಲೆ ಒಂದು ಎಂದರೆ ರಾಶಿ ಮುಚ್ಚಿಲ್ಲ, ಇನ್ನೊಬ್ಬರಿಗೆ ಜಾಗವಿದೆ ಎಂದು. ವರ್ಷದ ಎಲ್ಲ ದಿನವೂ ಇಫೆಯಲ್ಲಿ ಯಾವುದಾದರೊಂದು ದೇವತೆಯ ಪೂಜೆ ಇದ್ದೇ ಇರುತ್ತದೆ, ಒಂದು ದಿನವನ್ನು ಬಿಟ್ಟು ಎಂಬುದು ಊರವರ ಮಾತು. ಆ ಒಂದು ದಿನ ಯಾವುದೆಂದು ಮಾತ್ರ ಹೊರಗಿನವರಿಗೆ ಹೇಳುವುದಿಲ್ಲ!

ಅರಮನೆಯಲ್ಲಿ ಇರುವವರು ಓನಿ, ಅಂದರೆ ಇಫೆಯ ಅರಸರು. 2015ರಲ್ಲಿ ಪಟ್ಟಕ್ಕೆ ಬಂದ ಈಗಿನ ಓನಿ 51ನೆಯವರು ಎಂದು ಪರಂಪರೆಯ ಎಣಿಕೆ. ಇದೇ ಅರಮನೆಯ ಸಮೀಪದಲ್ಲಿ 1938ರಲ್ಲಿ ಮನೆಯೊಂದಕ್ಕೆ ಪಾಯ ತೋಡುವಾಗ ತಾಮ್ರಮಿಶ್ರಲೋಹದ ತಲೆಗಳು ಸಿಕ್ಕಿದವು. ಶಾಂತ ಮುಖ, ಕೆನ್ನೆಯ ಮೇಲೆ ಸಣ್ಣ ಗೀರುಗಳ ಸಾಲು, ಜೀವಂತವೆನಿಸುವ ತುಟಿಗಳು. ಇಂಥ ಶಿಲ್ಪ ಆಫ್ರಿಕದವರ ಕೈಕೆಲಸವಾಗಿರಲಾರದು ಎಂದು ನಂಬಿದ್ದ ಯುರೋಪಿಯನ್ನರಿದ್ದರು. 1910ರಲ್ಲಿ ಇಲ್ಲಿಗೆ ಬಂದಿದ್ದ ಜರ್ಮನಿಯ ಲಿಯೋ ಫ್ರೊಬೇನಿಯಸ್ ಅಂತೂ ಮುಳುಗಿಹೋದ ಅಟ್ಲಾಂಟಿಸ್ ದ್ವೀಪದ ಕಥೆಯನ್ನೇ ಇಲ್ಲಿಗೆ ತಂದು ಜೋಡಿಸಿದ. ಊರಿನ ಇನ್ನೊಂದು ಕಡೆ ಒರಾನ್ಮಿಯಾನ್ ಎಂಬ ವೀರನ ‘ಊರುಗೋಲು’ ನಿಂತಿದೆ. ಸುಮಾರು 18 ಅಡಿ ಎತ್ತರದ ಒಂಟಿ ಕಲ್ಲು, ಮೈಗೆಲ್ಲ ಹೊಡೆದ ಕಬ್ಬಿಣದ ಮೊಳೆಗಳು. ಪ್ರವಾಸಿಗಳು ನೋಡುವುದು ಇವನ್ನೇ. ಆದರೆ ಇಫೆಯ ಲೆಕ್ಕದ ಗುಟ್ಟು ಇರುವುದು ಒಕೆ ಇತಾಸೆ ಎಂಬ ಗುಡ್ಡದ ಮೇಲೆ.

ಹದಿನಾರು ಬೀಜಗಳು

ಒಕೆ ಇತಾಸೆಯ ಗುಡಿ ಇಫಾ ಶಾಸ್ತ್ರದ ತವರು. ಇಫಾ ಎಂದರೆ ಯೊರುಬಾಗಳ ಪ್ರಶ್ನಶಾಸ್ತ್ರ. ಅದರ ಅಧಿದೇವತೆ ಒರುನ್ಮಿಲಾ. ಅದನ್ನು ಓದಬಲ್ಲವನು ಬಾಬಲಾವೊ, ಎಂದರೆ ‘ಗುಟ್ಟುಗಳ ತಂದೆ’. ಮದುವೆ, ಪ್ರಯಾಣ, ಕಾಯಿಲೆ, ಮಗುವಿಗೆ ಹೆಸರಿಡುವುದು, ಅರಸನ ಆಯ್ಕೆ, ಯಾವುದಕ್ಕಾದರೂ ಸರಿ, ಹಿಂದೆ ಬಾಬಲಾವೊನ ಬಳಿ ಹೋಗದೆ ಕಾರ್ಯ ಮುಂದುವರಿಯುತ್ತಿರಲಿಲ್ಲ. ಇಂದು ಯೊರುಬಾಗಳಲ್ಲಿ ಹೆಚ್ಚಿನವರು ಕ್ರೈಸ್ತರು ಅಥವಾ ಮುಸ್ಲಿಮರು. ಆದರೂ ಬಾಬಲಾವೊನ ಅಂಗಳ ಖಾಲಿಯಾಗಿಲ್ಲ.

ಅವನ ಮುಂದೆ ಕೆತ್ತನೆಯ ಮರದ ಹರಿವಾಣ. ಅದರ ಅಂಚಿನಲ್ಲಿ ಎಶುವಿನ ಮುಖ. ಎಶು ಕವಲುದಾರಿಗಳ ದೇವತೆ, ಮನುಷ್ಯರ ಬಲಿಯನ್ನು ದೇವತೆಗಳಿಗೆ ತಲುಪಿಸುವವನು, ತರಲೆಯೂ ಹೌದು. ಹರಿವಾಣದ ಮೇಲೆ ಗೆದ್ದಲು ತಿಂದ ಇರೋಸುನ್ ಮರದಿಂದ ಉದುರಿದ ಹುಡಿಯನ್ನು ತೆಳುವಾಗಿ ಹರಡಿರುತ್ತಾರೆ. ಕೈಯಲ್ಲಿ ಇಕಿನ್ ಎಂಬ 16 ತಾಳೆಬೀಜಗಳು. ಬಾಬಲಾವೊ ಅವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಒಮ್ಮೆಗೇ ಬಾಚಿಕೊಳ್ಳುತ್ತಾನೆ. ಹದಿನಾರು ಬೀಜ ಒಂದು ಹಿಡಿಗೆ ತುಸು ಹೆಚ್ಚು. ಒಂದೋ ಎರಡೋ ಹಿಂದೆ ಉಳಿಯುತ್ತವೆ. ಒಂದು ಉಳಿದರೆ ಹುಡಿಯಲ್ಲಿ ಬೆರಳಿನಿಂದ ಎರಡು ಗೆರೆ. ಎರಡು ಉಳಿದರೆ ಒಂದು ಗೆರೆ. ಏನೂ ಉಳಿಯದಿದ್ದರೆ, ಇಲ್ಲವೇ ಎರಡಕ್ಕಿಂತ ಹೆಚ್ಚು ಉಳಿದರೆ, ಆ ಸಲ ಲೆಕ್ಕಕ್ಕಿಲ್ಲ, ಮತ್ತೆ ಬಾಚಬೇಕು. ಹೀಗೆ ಎಂಟು ಗುರುತುಗಳು ಬರುವ ತನಕ. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮೇಲಿನಿಂದ ಕೆಳಕ್ಕೆ ನಾಲ್ಕು ಸಾಲು. ಇಷ್ಟು ತಾಳ್ಮೆ ಇಲ್ಲದ ಸಣ್ಣಪುಟ್ಟ ಪ್ರಶ್ನೆಗಳಿಗೆ ಒಪೆಲೆ ಎಂಬ ಸರವಿದೆ. ಅದರಲ್ಲಿ ಎಂಟು ಅರ್ಧ ಕಾಯಿಗಳು. ನಡುವೆ ಹಿಡಿದು ಎಸೆದರೆ ಒಂದೊಂದು ಕಾಯಿಯೂ ಬೋರಲಾಗಿಯೋ ಅಂಗಾತವಾಗಿಯೋ ಬೀಳುತ್ತದೆ. ಒಂದೇ ಎಸೆತಕ್ಕೆ ಎಂಟೂ ಗುರುತು ಸಿಕ್ಕಿತು.

ಈಗ ಹೈಸ್ಕೂಲಿನ ಹುಡುಗನೂ ಲೆಕ್ಕ ಮಾಡಬಹುದು. ಒಂದು ಕಡೆಯ ನಾಲ್ಕು ಗುರುತುಗಳಲ್ಲಿ ಪ್ರತಿಯೊಂದೂ ಎರಡು ಬಗೆ: ಎರಡು ಇಂಟು ಎರಡು ಇಂಟು ಎರಡು ಇಂಟು ಎರಡು, 16 ಆಕೃತಿಗಳು. ಬಲದ 16ಕ್ಕೆ ಎಡದ 16 ಸೇರಿದರೆ ಒಟ್ಟು 256. ಇವುಗಳ ಹೆಸರು ಒದು. ಎಡಬಲಗಳು ಒಂದೇ ಆಗಿರುವ 16 ಒದುಗಳು ಹಿರಿಯವು, ‘ಮೇಜಿ’ ಅಂದರೆ ಜೋಡಿ. ಉಳಿದ 240 ಅವುಗಳ ಮಕ್ಕಳು. ಎಲ್ಲೆಡೆಯೂ ಒಂಟಿ ಗೆರೆ ಬಂದರೆ ಅದು ಎಜಿ ಒಗ್ಬೆ, ಎಲ್ಲರಿಗಿಂತ ಹಿರಿಯ, ಬೆಳಕು. ಎಲ್ಲೆಡೆಯೂ ಜೋಡಿಗೆರೆ ಬಂದರೆ ಒಯೆಕು ಮೇಜಿ, ಇರುಳು.

ಕನ್ನಡ ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ಇದೆಲ್ಲ ಎಲ್ಲೋ ಕೇಳಿದಂತೆ ಇದೆಯಲ್ಲ ಎನಿಸಿದರೆ ಆಶ್ಚರ್ಯವಿಲ್ಲ. ಲಘು ಗುರು ಎಂಬ ಎರಡೇ ಗುರುತುಗಳಿಂದ ಮೂರಕ್ಷರಕ್ಕೆ ಎಂಟು ಗಣ, ನಾಲ್ಕಕ್ಷರಕ್ಕೆ 16 ಪ್ರಸ್ತಾರ, ಎಂಟಕ್ಷರಕ್ಕೆ 256. ಪಿಂಗಳನ ಲೆಕ್ಕವೂ ಬಾಬಲಾವೊನ ಲೆಕ್ಕವೂ ಬೇರೆ ಬೇರೆ ಮನೆಯಲ್ಲಿ ಹುಟ್ಟಿದವು. ಗಣಿತ ಮಾತ್ರ ಒಂದೇ. ಕಂಪ್ಯೂಟರಿನ ಒಂದು ‘ಬೈಟ್’ ಹೇಳಬಲ್ಲ ಸಂಗತಿಗಳೂ 256. ಇದನ್ನೇ ಹಿಡಿದುಕೊಂಡು ಇಫಾದಲ್ಲಿ ಕಂಪ್ಯೂಟರ್ ಇತ್ತು ಎಂದು ಹೊರಡುವವರು ಅಲ್ಲಿಯೂ ಇದ್ದಾರೆ, ನಮ್ಮಲ್ಲಿ ಇಂಥವರಿಗೆ ಕೊರತೆಯಿಲ್ಲದ ಹಾಗೆ. ಬಾಬಲಾವೊ ಮಾಡುತ್ತಿದ್ದುದು ಗಣಕಯಂತ್ರವಲ್ಲ. ಎರಡು ಗುರುತುಗಳಿಂದ ಒಂದು ದೊಡ್ಡ ಉಗ್ರಾಣಕ್ಕೆ ಬೀಗದ ಕೈಗಳನ್ನು ಮಾಡಿಕೊಂಡಿದ್ದ. ಅದೇನೂ ಸಣ್ಣ ಮಾತಲ್ಲ. ನಾಲ್ಕು ಸಾಲಿನ ಇಂಥದೇ 16 ಆಕೃತಿಗಳು ಅರಬ್ಬರ ಮರಳುಶಾಸ್ತ್ರದಲ್ಲಿಯೂ ಇವೆ. ಪರ್ಷಿಯಾದ ಮೂಲಕ ಅದು ಭಾರತಕ್ಕೆ ಬಂದು ರಮಲಶಾಸ್ತ್ರ ಎನಿಸಿಕೊಂಡಿತು. ಯಾರಿಂದ ಯಾರಿಗೆ ಹೋಯಿತು ಎಂಬ ವಾದ ವಿದ್ವಾಂಸರಲ್ಲಿ ನಡೆದೇ ಇದೆ.

ಉಗ್ರಾಣದಲ್ಲಿ ಇರುವುದು ಪದ್ಯಗಳು. ಪ್ರತಿ ಒದುವಿಗೂ ಎಸೆ ಎಂಬ ಹಲವಾರು ಪದ್ಯಗಳಿವೆ: ಹಿಂದೆ ಇಂಥವನಿಗೆ ಇಂಥ ಕಷ್ಟ ಬಂತು, ಅವನು ಇಫಾ ಕೇಳಿದ, ಇಂಥ ಬಲಿ ಕೊಡು ಎಂದರು, ಕೊಟ್ಟ ಅಥವಾ ಕೊಡಲಿಲ್ಲ, ಕೊನೆಗೆ ಹೀಗಾಯಿತು ಎಂಬ ಧಾಟಿಯ ಕಥೆಗಳು. ಯುನೆಸ್ಕೋದ ವಿವರಣೆಯ ಪ್ರಕಾರ ಒಂದೊಂದು ಒದುವಿಗೆ ಸುಮಾರು 800 ಪದ್ಯಗಳು. ಗುಣಿಸಿದರೆ ಎರಡು ಲಕ್ಷ ದಾಟುತ್ತದೆ. ಹೊಸವು ಸೇರುತ್ತಲೇ ಇರುವುದರಿಂದ ನಿಖರ ಸಂಖ್ಯೆ ಸಿಗದು. ಇಲ್ಲಿಯೂ ರಾಶಿ ಮುಚ್ಚಿಲ್ಲ. ಇಷ್ಟನ್ನೂ ಒಬ್ಬನೇ ಕಲಿಯಲಾರ. ಪ್ರತಿ ಒದುವಿಗೆ ಹದಿನಾರಾದರೂ ಬಾಯಲ್ಲಿರಬೇಕು ಎನ್ನುವ ಹಿರಿಯರುಂಟು. ಹಾಗೆ ಹಿಡಿದರೂ 4,096 ಆಯಿತು. ಬಾಲಕರು ಎಳವೆಯಲ್ಲಿಯೇ ಗುರುವಿನ ಮನೆ ಸೇರಿ, ನೀರು ಹೊತ್ತು, ಹೊಲದ ಕೆಲಸ ಮಾಡಿ, ವರ್ಷಗಟ್ಟಲೆ ಬಾಯಿಪಾಠ ಮಾಡುತ್ತಿದ್ದರು. ಬರೆದುಕೊಳ್ಳುವ ಮಾತೇ ಇಲ್ಲ.

ಇನ್ನೊಂದು ಸೋಜಿಗವಿದೆ. ಪ್ರಶ್ನೆ ಏನೆಂದು ಬಾಬಲಾವೊನಿಗೆ ಹೇಳಲೇಬೇಕೆಂದಿಲ್ಲ. ಬಂದವನು ಅದನ್ನು ಒಂದು ನಾಣ್ಯಕ್ಕೆ ಪಿಸುಗುಟ್ಟಿ ಮುಂದಿಟ್ಟರೆ ಸಾಕು. ಒದು ಬಿದ್ದ ಮೇಲೆ ಬಾಬಲಾವೊ ತನಗೆ ತಿಳಿದ ಪದ್ಯಗಳನ್ನು ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಕೇಳುತ್ತ ಕುಳಿತವನು ತನ್ನ ಕಥೆ ಬಂದಾಗ ‘ಇದೇ’ ಎನ್ನುತ್ತಾನೆ. ಅಮೆರಿಕದ ವಿಲಿಯಂ ಬ್ಯಾಸ್ಕಂ ಇಫೆ ಮತ್ತಿತರ ಊರುಗಳಲ್ಲಿ ಇದನ್ನೆಲ್ಲ ಕಣ್ಣಾರೆ ಕಂಡು 1969ರಲ್ಲಿ ಒಂದು ಬೃಹದ್ಗ್ರಂಥ ಬರೆದರು. ಅದಕ್ಕಿಂತ ಒಳಗಿನಿಂದ ಬರೆದವರು ವಾಂದೆ ಅಬಿಂಬೊಲಾ. ಇಫಾ ಬಲ್ಲವರು, ಪ್ರಾಧ್ಯಾಪಕರು, 1982ರಿಂದ 1989ರ ತನಕ ಇಫೆ ವಿಶ್ವವಿದ್ಯಾಲಯದ ಕುಲಪತಿಗಳು. ಒಂದೇ ಊರಿನಲ್ಲಿ ಗುಡ್ಡದ ಗುಡಿ ಮತ್ತು ವಿಶ್ವವಿದ್ಯಾಲಯ ಎರಡರಲ್ಲಿಯೂ ಪೀಠ ಪಡೆದವರು ವಿರಳ.

ಬೀಜಗಳು ಹದಿನಾರೇ ಏಕೆ? ಅಬಿಂಬೊಲಾ ಸಂಗ್ರಹಿಸಿದ ಕಥೆ ತಂದೆತಾಯಿಯರಿಗೆ ಹಿಡಿಸುವಂಥದು. ಒರುನ್ಮಿಲಾನಿಗೆ ಎಂಟು ಗಂಡುಮಕ್ಕಳು, ಎಂಟೂ ಜನ ಬೇರೆ ಬೇರೆ ಊರುಗಳ ಅರಸರು. ಒಮ್ಮೆ ಹಬ್ಬಕ್ಕೆ ಎಲ್ಲರನ್ನೂ ಕರೆದ. ಏಳು ಜನ ಬಂದು ಅಡ್ಡಬಿದ್ದರು. ಕೊನೆಯವನಾದ ಒಲೊವೊ ಮಾತ್ರ ನೆಟ್ಟಗೆ ನಿಂತ. ‘ನಿನ್ನ ತಲೆಯ ಮೇಲೂ ಕಿರೀಟ, ನನ್ನ ತಲೆಯ ಮೇಲೂ ಕಿರೀಟ, ಕಿರೀಟ ಕಿರೀಟಕ್ಕೆ ಬಾಗುವುದಿಲ್ಲ’ ಎಂಬುದು ಅವನ ವಾದ. ಒರುನ್ಮಿಲಾ ಮುನಿದು ಲೋಕವನ್ನೇ ಬಿಟ್ಟು ಹೋದ. ಮಳೆ ನಿಂತಿತು, ಬಸುರಿಯರಿಗೆ ಹೆರಿಗೆಯಾಗಲಿಲ್ಲ, ಬೆಳೆ ಒಣಗಿತು. ಮಕ್ಕಳು ಹುಡುಕಿಕೊಂಡು ಹೋದಾಗ ಅವನು ಹದಿನಾರು ತಲೆಗಳಾಗಿ ಕವಲೊಡೆದ ಒಂದು ತಾಳೆಮರದ ಬುಡದಲ್ಲಿ ಸಿಕ್ಕಿದ. ಎಷ್ಟು ಬೇಡಿದರೂ ಹಿಂತಿರುಗಲಿಲ್ಲ. 16 ಬೀಜ ಕೊಟ್ಟು, ಇನ್ನು ಮುಂದೆ ನನ್ನನ್ನು ಕೇಳಬೇಕೆಂದಿದ್ದರೆ ಇದನ್ನು ಕೇಳಿ ಎಂದ. ಅಪ್ಪನ ಬದಲಿಗೆ ಬೀಜ ಉಳಿಯಿತು.

ಹದಿನೇಳನೆಯವಳು

ಇಫೆಯಿಂದ ಉತ್ತರಕ್ಕೆ ಒಂದು ತಾಸಿನ ದಾರಿ ಓಶೊಗ್ಬೊ. ಊರಿನ ಅಂಚಿನಲ್ಲಿ ಓಶುನ್ ನದಿ, ನದಿಯ ದಡದಲ್ಲಿ ಸುಮಾರು 75 ಹೆಕ್ಟೇರಿನ ದೇವರಕಾಡು. ಕೊಡಗಿನವರಿಗೆ, ಮಲೆನಾಡಿನವರಿಗೆ ದೇವರಕಾಡು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ: ಕೊಡಲಿ ಹಾಕುವಂತಿಲ್ಲ, ಬೇಟೆಯಾಡುವಂತಿಲ್ಲ. ಇಲ್ಲಿ ನದಿಯ ಮೀನನ್ನೂ ಹಿಡಿಯುವಂತಿಲ್ಲ. ಆಸ್ಟ್ರಿಯಾದಿಂದ ಬಂದು ಇಲ್ಲಿಯೇ ನೆಲೆಸಿ, 2009ರಲ್ಲಿ ತೀರಿಕೊಂಡ ಸುಸಾನ್ ವೆಂಗರ್ ಎಂಬ ಕಲಾವಿದೆ ಸ್ಥಳೀಯ ಕುಶಲಿಗಳ ಜೊತೆ ಸೇರಿ ಈ ಕಾಡನ್ನು ಉಳಿಸಲು ಹೆಣಗಿದರು. 2005ರಲ್ಲಿ ಇದು ಯುನೆಸ್ಕೋದ ವಿಶ್ವಪರಂಪರೆಯ ತಾಣವಾಯಿತು. ಇಫಾ ಶಾಸ್ತ್ರಕ್ಕೂ ಅದೇ ವರ್ಷ ಯುನೆಸ್ಕೋ ಮನ್ನಣೆ ಸಿಕ್ಕಿತು.

ಓಶುನ್ ನದಿಯೂ ಹೌದು, ದೇವತೆಯೂ ಹೌದು. ಓಶೆ ತುರಾ ಎಂಬ ಒದುವಿನಲ್ಲಿ ಅವಳ ಕಥೆ ಬರುತ್ತದೆ. ಲೋಕವನ್ನು ಸರಿಪಡಿಸಲು ಒಲೊದುಮಾರೆ 17 ಮಂದಿಯನ್ನು ಕಳಿಸಿದ. 16 ಗಂಡಸರು, ಒಬ್ಬಳು ಓಶುನ್. ಗಂಡಸರು ಕಾಡು ಕಡಿದು, ಪೂಜೆಯ ಬನಗಳನ್ನು ಮಾಡಿ, ಸಭೆ ಸೇರಿ ಎಲ್ಲ ನಿರ್ಧಾರ ಮಾಡಿದರು. ಅವಳನ್ನು ಕರೆಯಲೇ ಇಲ್ಲ. ಅವರು ಮಳೆ ಬರಲಿ ಎಂದರೆ ಬರಲಿಲ್ಲ, ಕಾಯಿಲೆ ವಾಸಿಯಾಗಲಿ ಎಂದರೆ ಆಗಲಿಲ್ಲ. ಸೋತು ಮೇಲಕ್ಕೆ ಹೋಗಿ ದೂರು ಹೇಳಿಕೊಂಡಾಗ ಒಲೊದುಮಾರೆ ಕೇಳಿದ್ದು ಒಂದೇ ಪ್ರಶ್ನೆ: ಹದಿನೇಳನೆಯವಳು ಎಲ್ಲಿ? ಹಿಂದಕ್ಕೆ ಬಂದು ಅವಳ ಕಾಲಿಗೆ ಬಿದ್ದರು. ಅವಳು ಸುಲಭಕ್ಕೆ ಒಲಿಯಲಿಲ್ಲ. ಹೊಟ್ಟೆಯಲ್ಲಿರುವುದು ಗಂಡಾದರೆ ಅವನು ನಿಮ್ಮೊಡನೆ ಬರುತ್ತಾನೆ, ಹೆಣ್ಣಾದರೆ ನಿಮ್ಮ ಪಾಡು ನಿಮ್ಮದು ಎಂದಳು. ಗಂಡೇ ಹುಟ್ಟಿತು. 16 ಎಂದರೆ ತುಂಬಿದ ಲೆಕ್ಕ. ಅದು ಕೆಲಸ ಮಾಡಬೇಕಾದರೆ ಮೇಲೊಂದು ಬೇಕು. ಬಾಬಲಾವೊನ ಮನೆಯಲ್ಲಿಯೂ ಆಡುವ ಬೀಜ 16. ಹದಿನೇಳನೆಯದೊಂದು ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡುತ್ತಿರುತ್ತದೆ.

ಆಗಸ್ಟ್ ತಿಂಗಳಲ್ಲಿ ಓಶುನ್ ಹಬ್ಬ. ಅದರ ಒಂದು ರಾತ್ರಿ 16 ಬತ್ತಿಗಳ ಹಿತ್ತಾಳೆಯ ದೀಪವನ್ನು ಹಚ್ಚಿ ಬೆಳಗಿನ ತನಕ ಉರಿಸುತ್ತಾರೆ. ಊರಿನ ಅರಸರು ಅದರ ಸುತ್ತ ಹೆಜ್ಜೆ ಹಾಕುತ್ತಾರೆ.

ತಾಳೆಬೀಜದ ವಿದ್ಯೆ ಬಹುಮಟ್ಟಿಗೆ ಗಂಡಸರದು. ಓಶುನಳ ಭಕ್ತೆಯರ ಕೈಯಲ್ಲಿರುವುದು 16 ಕವಡೆಗಳ ವಿದ್ಯೆ. ಕವಡೆಗಳನ್ನು ಬುಟ್ಟಿಯಲ್ಲಿ ಎಸೆದು ಎಷ್ಟರ ಬಾಯಿ ಮೇಲಾಗಿ ಬಿತ್ತು ಎಂದು ಎಣಿಸುತ್ತಾರೆ. ಸೊನ್ನೆಯಿಂದ 16ರ ತನಕ ಏನು ಬೇಕಾದರೂ ಬರಬಹುದು, ಅಂದರೆ ಫಲಗಳು 17! ಈ ವಿದ್ಯೆಗೆ ಇರುವ ಹೆಸರು ಎರಿಂದಿನ್‌ಲೋಗುನ್. ಅದು ಯೊರುಬಾ ಭಾಷೆಯಲ್ಲಿ ಹದಿನಾರು ಎಂಬ ಸಂಖ್ಯೆಯ ಹೆಸರೇ. ಬಿಡಿಸಿದರೆ ‘ಇಪ್ಪತ್ತಕ್ಕೆ ನಾಲ್ಕು ಕಡಿಮೆ’.

ಕಳೆದು ಎಣಿಸುವ ಜನ

ಯೊರುಬಾಗಳ ಎಣಿಕೆಗೆ ಇಪ್ಪತ್ತೇ ಬುನಾದಿ. ಹನ್ನೊಂದರಿಂದ ಹದಿನಾಲ್ಕರ ತನಕ ಹತ್ತಕ್ಕೆ ಕೂಡಿಸುತ್ತಾರೆ. ಹದಿನೈದು ಬಂತೆಂದರೆ ದೃಷ್ಟಿ ಮುಂದಿನ ಇಪ್ಪತ್ತರ ಮೇಲೆ: ಇಪ್ಪತ್ತಕ್ಕೆ ಐದು ಕಡಿಮೆ, ನಾಲ್ಕು ಕಡಿಮೆ, ಮೂರು ಕಡಿಮೆ. ನಲವತ್ತು ಎಂದರೆ ಎರಡು ಇಪ್ಪತ್ತು, ಅರವತ್ತು ಮೂರು ಇಪ್ಪತ್ತು. ಐವತ್ತು? ಮೂರು ಇಪ್ಪತ್ತಕ್ಕೆ ಹತ್ತು ಕಡಿಮೆ. ನಲವತ್ತೈದು? ಮೂರು ಇಪ್ಪತ್ತಕ್ಕೆ ಹತ್ತು ಕಡಿಮೆ, ಅದಕ್ಕೆ ಐದು ಕಡಿಮೆ. ತಲೆ ತಿರುಗುತ್ತದೆ ಎನ್ನುವ ಮೊದಲು ನಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಸಂಸ್ಕೃತದ ಏಕೋನವಿಂಶತಿ ಎಂದರೆ ಒಂದು ಕಡಿಮೆ ಇಪ್ಪತ್ತು. ಕನ್ನಡದ ಒಂಬತ್ತಿನಲ್ಲಿಯೂ ಒಂದು ಮತ್ತು ಹತ್ತು ಅಡಗಿವೆ ಎಂದು ಭಾಷಾವಿದ್ವಾಂಸರು ಹೇಳುತ್ತಾರೆ. ನಾವು ಒಂದೆರಡು ಕಡೆ ಮಾಡಿ ಮರೆತದ್ದನ್ನು ಯೊರುಬಾಗಳು ಇಡೀ ಎಣಿಕೆಗೆ ಹಬ್ಬಿಸಿದರು.

ಇದು ಹೇಗೆ ಬೆಳೆಯಿತು ಎಂಬುದಕ್ಕೆ ಅಡಾಲ್ಫಸ್ ಮಾನ್ ಎಂಬ ಮಿಷನರಿ 1887ರಲ್ಲಿ ಒಂದು ವಿವರಣೆ ಕೊಟ್ಟರು. ಆಗ ಹಣವೆಂದರೆ ಕವಡೆ. ಎಣಿಸುವವನು ರಾಶಿಯ ಪಕ್ಕ ಕುಳಿತು ಐದೈದನ್ನು ಸರಸರನೆ ಎಳೆಯುತ್ತಾನೆ. ನಾಲ್ಕು ಐದಾದರೆ ಇಪ್ಪತ್ತರ ಗುಪ್ಪೆ, ಐದು ಇಪ್ಪತ್ತಾದರೆ ನೂರು, ಎರಡು ನೂರಾದರೆ ಇಗ್ಬಾ ಎಂಬ ಇನ್ನೂರರ ರಾಶಿ. ಇಫೆಯ ದೇವತೆಗಳ ಇನ್ನೂರು ಇದೇ ಇನ್ನೂರು. ಪೇಟೆಯ ವ್ಯವಹಾರದಲ್ಲಿ 40 ಕವಡೆಗಳಿಗೆ ಒಂದು ಸರ, 50 ಸರಗಳಿಗೆ ಒಂದು ‘ತಲೆ’ ಅಂದರೆ 2,000, ಹತ್ತು ತಲೆಗೆ ಒಂದು ಚೀಲ. ಚೀಲದಲ್ಲಿ 20,000 ಕವಡೆ. ಹೊರುವವನ ಬೆನ್ನಿನ ಗತಿ ಏನೋ!

ಈ ಕವಡೆ ಆಫ್ರಿಕದ ಆ ಕರಾವಳಿಯದಲ್ಲ. ಅದರ ಬಹುಪಾಲು ಮಾಲ್ದೀವ್ಸ್ ದ್ವೀಪಗಳದು. ನಮ್ಮಲ್ಲಿ ಚೌಕಾಬಾರದ ಮಣೆಯ ಮೇಲೆ ಉರುಳುವ, ಎಲ್ಲಮ್ಮನ ಭಕ್ತರ ಕೊರಳಲ್ಲಿ ತೂಗುವ ಅದೇ ಹಿಂದೂ ಮಹಾಸಾಗರದ ಕವಡೆ. ಡಚ್ಚರು ಮತ್ತು ಇಂಗ್ಲಿಷರು ಅದನ್ನು ಸಿಂಹಳ ಹಾಗೂ ಬಂಗಾಳದ ರೇವುಗಳಿಂದ ಹಡಗಿನಲ್ಲಿ ಯುರೋಪಿಗೆ ಒಯ್ದು, ಹರಾಜು ಹಾಕಿ, ಅಲ್ಲಿಂದ ಪಶ್ಚಿಮ ಆಫ್ರಿಕಕ್ಕೆ ಸಾಗಿಸಿದರು. ಅಲ್ಲಿ ಅದನ್ನು ಕೊಟ್ಟು ಕೊಂಡ ಸರಕು ಮನುಷ್ಯರು. ‘ಕವಡೆ ಕಾಸಿನ ಬೆಲೆಯಿಲ್ಲ’ ಎಂದು ನಾವು ಹಗುರವಾಗಿ ಹೇಳುವ ಕವಡೆಗೆ ಆ ದಡದಲ್ಲಿ ಬೆಲೆಯಿತ್ತು. ಹತ್ತಾರು ಸಾವಿರ ಕವಡೆಗಳಿಗೆ ಒಬ್ಬ ಮನುಷ್ಯ. ಓಶುನಳ ಭಕ್ತೆಯ ಬುಟ್ಟಿಯಲ್ಲಿರುವ ಹದಿನಾರಕ್ಕೂ ಆ ಚೀಲಗಳಲ್ಲಿದ್ದ ಇಪ್ಪತ್ತು ಸಾವಿರಕ್ಕೂ ಚಿಪ್ಪು ಒಂದೇ.

ಈ ಎಣಿಕೆಯೆಲ್ಲ ಶಾಲೆಗೆ ಬಂದಾಗ ಏನಾಯಿತು? ಇಂಗ್ಲಿಷ್ ಶಾಲೆಯಲ್ಲಿ ಹತ್ತರ ಲೆಕ್ಕ, ಮನೆಯಲ್ಲಿ ಇಪ್ಪತ್ತರ ಲೆಕ್ಕ. ಯೊರುಬಾ ಸಂಖ್ಯೆಗಳನ್ನು ಹತ್ತರ ಕ್ರಮಕ್ಕೆ ತಿರುಗಿಸಿ ಸರಳ ಮಾಡಬೇಕೆಂಬ ಸಲಹೆಗಳೂ ಬಂದವು. ಹಾಗೆ ಮಾಡಿದರೆ ಗುಣಾಕಾರ ಸುಲಭವಾದೀತು. ಹದಿನಾರರೊಳಗೆ ಇರುವ ಇಪ್ಪತ್ತು ಮಾಯವಾಗುತ್ತದೆ. 1980ರ ದಶಕದಲ್ಲಿ ಇಫೆಯಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಆಸ್ಟ್ರೇಲಿಯಾದ ಹೆಲೆನ್ ವೆರನ್ ತಮ್ಮ 2001ರ ಗ್ರಂಥದಲ್ಲಿ ಒಂದು ತರಗತಿಯನ್ನು ವರ್ಣಿಸುತ್ತಾರೆ. ಉದ್ದ ಅಳೆಯುವ ಪಾಠ. ಪುಸ್ತಕ ಹೇಳಿದಂತೆ ಪಟ್ಟಿಯನ್ನು ಉದ್ದಕ್ಕೂ ಇಡುತ್ತ ಹೋಗುವ ಬದಲು ಮೇಷ್ಟ್ರು ಮಕ್ಕಳ ಎತ್ತರದಷ್ಟು ದಾರ ಕತ್ತರಿಸಿ, ಅದನ್ನು 10 ಸೆಂಟಿಮೀಟರಿನ ರಟ್ಟಿಗೆ ಸುತ್ತಿಸಿ, ಸುತ್ತುಗಳನ್ನು ಎಣಿಸಲು ಹೇಳಿದ. ಉದ್ದವನ್ನು ಗೆರೆಯಾಗಿ ಅಲ್ಲ, ಕಟ್ಟಿನಂತೆ ಎಣಿಸುವುದು. ಇದು ತಪ್ಪು ಎಂದುಕೊಂಡ ತರಬೇತುದಾರರಿಗೆ ಮಕ್ಕಳೆಲ್ಲ ಸರಿಯಾಗಿ ಕಲಿತದ್ದನ್ನು ಕಂಡು ದಿಗಿಲಾಯಿತು. ಮಕ್ಕಳ ಮನೆಯ ಎಣಿಕೆಯೇ ಹಾಗಿತ್ತು.

ಅದಕ್ಕೂ ಮೊದಲೇ, 1970ರಲ್ಲಿ, ಇಫೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾಬ್ಸ್ ಫಾಫುನ್ವಾ ಇಫೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ದೊಡ್ಡ ಪ್ರಯೋಗಕ್ಕೆ ಕೈಹಾಕಿದ್ದರು. ಒಂದು ಗುಂಪಿನ ಮಕ್ಕಳಿಗೆ ಆರೂ ವರ್ಷ ಗಣಿತ, ವಿಜ್ಞಾನ ಎಲ್ಲವೂ ಯೊರುಬಾದಲ್ಲಿ. ಇಂಗ್ಲಿಷ್ ಒಂದು ಭಾಷೆಯಾಗಿ ಮಾತ್ರ, ಅದಕ್ಕೆಂದೇ ಒಳ್ಳೆಯ ಶಿಕ್ಷಕರು. ಇನ್ನೊಂದು ಗುಂಪಿಗೆ ವಾಡಿಕೆಯಂತೆ ಮೂರು ವರ್ಷದ ನಂತರ ಎಲ್ಲವೂ ಇಂಗ್ಲಿಷಿನಲ್ಲಿ. ಮಕ್ಕಳನ್ನು ಪ್ರಯೋಗಕ್ಕೆ ಕಳಿಸಲು ತಂದೆತಾಯಿಯರಿಗೆ ಎಂಥ ಅಳುಕಿದ್ದಿರಬಹುದು ಎಂಬುದನ್ನು ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂದು ರಾತ್ರಿ ನಿದ್ದೆಗೆಟ್ಟವರಿಗೆ ಹೇಳಬೇಕಿಲ್ಲ. ಫಲಿತಾಂಶ: ಯೊರುಬಾದಲ್ಲಿ ಕಲಿತವರೇ ಮುಂದೆ, ಗಣಿತದಲ್ಲಿಯೂ ಮುಂದೆ, ಇಂಗ್ಲಿಷಿನಲ್ಲಿಯೂ ಮುಂದೆ. ಈ ಪ್ರಯೋಗವನ್ನು ಜಗತ್ತಿನ ನಾನಾ ಕಡೆ ಇಂದಿಗೂ ಉದಾಹರಿಸುತ್ತಾರೆ. ನೈಜೀರಿಯಾ ಸರ್ಕಾರ 2022ರಲ್ಲಿ ಮೊದಲ ಆರು ವರ್ಷ ತಾಯ್ನುಡಿಯಲ್ಲಿ ಕಲಿಸುವ ನೀತಿಯನ್ನು ಒಪ್ಪಿತು. 2025ರಲ್ಲಿ ಕೈಬಿಟ್ಟು ಇಂಗ್ಲಿಷಿಗೇ ಮರಳಿತು.

ಶಾಲೆಯ ಹೊರಗೆ, ಸಂತೆಯಲ್ಲಿ, ಹಳೆಯ ಎಣಿಕೆ ಇನ್ನೂ ಓಡಾಡುತ್ತಿದೆ. ಯೊರುಬಾಗಳ ಹಳೆಯ ವಾರಕ್ಕೆ ನಾಲ್ಕೇ ದಿನ. ಆದರೆ ನಾಲ್ಕು ದಿನಕ್ಕೊಮ್ಮೆ ಬರುವ ಸಂತೆಗೆ ‘ಐದನೆಯ ದಿನದ ಸಂತೆ’ ಎನ್ನುತ್ತಾರೆ, ಹೊರಟ ದಿನವನ್ನೂ ತಲುಪಿದ ದಿನವನ್ನೂ ಸೇರಿಸಿ. ಇಫಾ ಬಲ್ಲವರು 16 ದಿನಕ್ಕೊಮ್ಮೆ ಸೇರುವ ಕೂಟಕ್ಕೆ ಇತಾದೋಗುನ್, ಹದಿನೇಳನೆಯ ದಿನ, ಎಂದು ಹೆಸರು. ಏಳು ದಿನಕ್ಕೊಮ್ಮೆ ಸೇರುವ ಸಂತೆಯನ್ನು ‘ಎಂಟು ದಿನಕ್ಕೊಮ್ಮೆ’ ಎನ್ನುವ ನಮ್ಮ ಹಳ್ಳಿಯ ಹಿರಿಯರು ಈ ಲೆಕ್ಕವನ್ನು ತಕ್ಷಣ ಒಪ್ಪಿಯಾರು.

ದೇವತೆಗಳಿಗೂ ತಮ್ಮ ತಮ್ಮ ಅಂಕಿಗಳಿವೆ. ಬಿರುಗಾಳಿಯ ದೇವತೆ ಓಯಾಳಿಗೆ ಒಂಬತ್ತು. ಮಕ್ಕಳಿಲ್ಲದ ಅವಳು ಇಫಾ ಕೇಳಿ, ಬಲಿ ಕೊಟ್ಟು, ಒಂಬತ್ತು ಮಕ್ಕಳನ್ನು ಹೆತ್ತಳಂತೆ. ನೈಜರ್ ಮಹಾನದಿಗೆ ಯೊರುಬಾದಲ್ಲಿ ಅವಳ ಹೆಸರೇ. ಕಬ್ಬಿಣದ ದೇವತೆ ಒಗುನ್‌ಗೆ ಏಳು. 1986ರ ನೊಬೆಲ್ ಪುರಸ್ಕೃತ ವೊಲೆ ಶೊಯಿಂಕಾ ತಮ್ಮ ಬರಹದಲ್ಲೆಲ್ಲ ಮತ್ತೆ ಮತ್ತೆ ಕರೆಯುವುದು ಈ ಒಗುನ್‌ನನ್ನೇ. ಎರಡು ಎಂಬುದು ಅವಳಿಗಳದು. ಜಗತ್ತಿನಲ್ಲಿ ಅತಿ ಹೆಚ್ಚು ಅವಳಿಗಳು ಹುಟ್ಟುವ ಜನಗಳಲ್ಲಿ ಯೊರುಬಾಗಳು ಮುಂದು. ಮೊದಲು ಹುಟ್ಟಿದ್ದು ತಾಯಿವೊ, ಆಮೇಲಿನದು ಕೆಹಿಂದೆ. ಆದರೆ ಹಿರಿಯ ಕೆಹಿಂದೆಯೇ. ಲೋಕ ಹೇಗಿದೆ ನೋಡಿ ಬಾ ಎಂದು ಕಿರಿಯದನ್ನು ಮುಂದೆ ಕಳಿಸಿದ್ದು ಹಿರಿಯದಲ್ಲವೇ! ಅವಳಿಗಳ ಬೆನ್ನಿಗೆ ಹುಟ್ಟಿದ ಮಗುವಿಗೂ ಹೆಸರು ಮೊದಲೇ ಸಿದ್ಧ: ಇದೊವು. ಎರಡರ ಮೇಲೆ ಇನ್ನೊಂದು.

ಹತ್ತೊಂಬತ್ತನೆಯ ಶತಮಾನದಲ್ಲಿ ಒಯೊ ಸಾಮ್ರಾಜ್ಯ ಮುರಿದುಬಿದ್ದ ಮೇಲೆ ಅಸಂಖ್ಯ ಯೊರುಬಾಗಳನ್ನು ಸೆರೆ ಹಿಡಿದು ಕ್ಯೂಬಾಕ್ಕೂ ಬ್ರೆಜಿಲ್‌ಗೂ ಸಾಗಿಸಿದರು. ಕೈಯಲ್ಲಿ ಏನನ್ನೂ ಒಯ್ಯಲಾಗದವರ ಜೊತೆ ಅಂಕಿಗಳು ಹೋದವು. ಕ್ಯೂಬಾದಲ್ಲಿ ಅವು ತವರಿಗಿಂತ ಬಿಗಿಯಾದವು: ಓಶುನಳಿಗೆ ಐದು, ಯೆಮೊಜಾಳಿಗೆ ಏಳು, ಒಬಾತಾಲಾಗೆ ಎಂಟು ಎಂದು ಮಣಿಸರ, ನೈವೇದ್ಯ ಎಲ್ಲಕ್ಕೂ ಲೆಕ್ಕ. ಅಲ್ಲಿನ ಸ್ಪ್ಯಾನಿಷ್ ಮಾತಾಡುವ ಬಾಬಲಾವೊಗಳು ಇಂದಿಗೂ ಅದೇ 256 ಒದುಗಳನ್ನು ಯೊರುಬಾ ಹೆಸರಿನಿಂದಲೇ ಕರೆಯುತ್ತಾರೆ.

ಅವರಲ್ಲಿ ಕೆಲವರು, ಬ್ರೆಜಿಲ್‌ನಿಂದ, ಅಮೆರಿಕದಿಂದ ಬರುವವರ ಜೊತೆ, ಜೂನ್ ತಿಂಗಳ ಮೊದಲಲ್ಲಿ ಇಫೆಯ ಒಕೆ ಇತಾಸೆ ಗುಡ್ಡ ಹತ್ತುತ್ತಾರೆ. ಆಗ ವಿಶ್ವ ಇಫಾ ಉತ್ಸವ. ಬಿಳಿಯ ಬಟ್ಟೆಯುಟ್ಟ ಹಿರಿಯರು 16 ಬೀಜಗಳನ್ನು ಬಾಚಿ, ಮುಂದಿನ ಒಂದು ವರ್ಷ ಲೋಕಕ್ಕೆ ಹೇಗಿದೆ ಎಂದು ಒದು ಕೇಳುತ್ತಾರೆ. ಹವಾನಾದಲ್ಲಿಯೂ ಇದೇ ಪ್ರಶ್ನೆ ಕೇಳುತ್ತಾರೆ. ಆದರೆ ಅಲ್ಲಿ ವರ್ಷ ಶುರುವಾಗುವುದು ಜನವರಿಯಲ್ಲಿ. ಹೀಗಾಗಿ ಲೋಕಕ್ಕೆ ವರ್ಷದಲ್ಲಿ ಎರಡು ಒದುಗಳು ಬೀಳುತ್ತವೆ, ಎರಡರ ಪದ್ಯಗಳನ್ನೂ ಎರಡು ಖಂಡಗಳಲ್ಲಿ ಓದಿ ಹೋಲಿಸಿ ನೋಡುವವರಿದ್ದಾರೆ.